ಸಮುದ್ರ ಕಾಣದ ಸೈಟು

ಮೂರು ದಿನ ಆರ್‌ವಿ ನಿಲ್ಲಿಸಲು ಒಂದು ಜಾಗ ಬೇಕಿತ್ತು, ಅಷ್ಟೇ. ನಮ್ಮ ಯಜಮಾನರು ಅದನ್ನು ಧಾರವಾಡದಲ್ಲಿ ಮನೆ ಕಟ್ಟಿಸಲು ಪ್ಲಾಟು ಹುಡುಕುವವರ ಹಾಗೆ ಹುಡುಕತೊಡಗಿದರು.

2017ರ ವಸಂತ. ವಾನ್ ಎಂಬ ಊರಿನ ನಮ್ಮ ಮನೆಯ ಅಡುಗೆಮನೆ ಟೇಬಲ್ಲಿನ ಮೇಲೆ, ನ್ಯೂ ಬ್ರನ್ಸ್‌ವಿಕ್ ಕರಾವಳಿಯ ಒಂದು ಕ್ಯಾಂಪ್‌ಗ್ರೌಂಡಿನ ನಕ್ಷೆ ಹರಡಿಕೊಂಡು ಬಿದ್ದಿತ್ತು. ಬೋಲ್ಟನ್ನಿನ ವೇರ್‌ಹೌಸಿನಲ್ಲಿ ಯಾವ ಟ್ರಕ್ಕು ಯಾವ ಬಾಗಿಲಿಗೆ ಹಚ್ಚಬೇಕೆಂದು ಹೇಳುವುದು ಯಜಮಾನರ ಕೆಲಸ. ಅದೇ ಗತ್ತಿನಲ್ಲಿ ಇಲ್ಲಿಯೂ ಪೆನ್ನು ಹಿಡಿದು ಕೂತಿದ್ದರು. ಯಾವ ಸೈಟಿಗೆ ಬೆಳಗಿನ ಬಿಸಿಲು ಬೀಳುತ್ತದೆ, ಯಾವುದಕ್ಕೆ ರಸ್ತೆ ನೇರ ಬಂದು ಬಡಿಯುತ್ತದೆ, ಗಾಡಿಯ ಬಾಗಿಲು ದಕ್ಷಿಣಕ್ಕೆ ಬಂದರೆ ಏನು ಗತಿ, ಅಕ್ಕಪಕ್ಕ ಎಂಥವರು ಬರುತ್ತಾರೆ. ಬೆಳಗಾವಿ ಕಡೆಯ ಅವರ ಗೆಳೆಯರೊಬ್ಬರು ಸ್ಪೀಕರ್ ಫೋನಿನಲ್ಲಿ ಸಲಹೆ ಕೊಡುತ್ತಿದ್ದರು.

"ಕಾರ್ನರ್ ಬ್ಯಾಡೋ. ಎರಡೂ ಕಡೆ ಮಂದಿ ಅಡ್ಡಾಡ್ತಾರ. ಮುಂದಿನ ಸಾಲಿನ್ಯಾಗ ಹಿಡಿ. ಬಾಗಲಾ ತೆಗದ್ರ ಸಮುದ್ರ ಇರಬೇಕು ನೋಡು."

"ರೀ, ಮೂರು ದಿನಕ್ಕ ವಾಸ್ತು ನೋಡಾಕತ್ತೀರೇನ್ರೀ?" ಎಂದೆ ನಾನು, ಪಲ್ಯಕ್ಕೆ ಒಗ್ಗರಣೆ ಹಾಕುತ್ತ.

"ಮೂರು ದಿನ ಇದ್ರೂ ಮನಿ ಮನೀನ," ಎಂದರು.

ನಕ್ಕೆ. ಆ ಒಂದು ಮಾತು ನಮ್ಮೆಲ್ಲರ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತುಬಿಟ್ಟಿದೆ ಎಂದು ಆಗ ನನಗೂ ಗೊತ್ತಾಗಲಿಲ್ಲ.

ಆರ್‌ವಿ ನೋಡದವರಿಗಾಗಿ ಹೇಳುತ್ತೇನೆ. ಹಾಸಿಗೆ, ಒಲೆ, ಫ್ರಿಜ್ಜು, ಪಾಯಿಖಾನೆ ಎಲ್ಲವನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡ ಉದ್ದನೆಯ ಗಾಡಿ ಅದು. ಬಾಡಿಗೆಗೂ ಸಿಗುತ್ತದೆ. ಕ್ಯಾಂಪ್‌ಗ್ರೌಂಡಿನಲ್ಲಿ ಅದನ್ನು ನಿಲ್ಲಿಸಲು ಸೈಟುಗಳಿರುತ್ತವೆ. ಕೆಲವು ಸೈಟುಗಳಲ್ಲಿ ಕರೆಂಟು ಮಾತ್ರ ಸಿಗುತ್ತದೆ. ಕೆಲವುಗಳಲ್ಲಿ ಕರೆಂಟು, ನೀರು, ಕೊಳಚೆ ಹೋಗುವ ಪೈಪು ಮೂರೂ ಇರುತ್ತವೆ. ಕೊಳಚೆಯ ಪೈಪು ಇಲ್ಲದ ಕಡೆ ಪಾಯಿಖಾನೆಯ ನೀರೆಲ್ಲ ಗಾಡಿಯ ಕೆಳಗಿನ ಟ್ಯಾಂಕಿನಲ್ಲೇ ತುಂಬುತ್ತ ಹೋಗುತ್ತದೆ. ತುಂಬಿದ ಮೇಲೆ ಗಾಡಿಯನ್ನು ಬೇರೆ ಕಡೆ ಒಯ್ದು ಖಾಲಿ ಮಾಡಬೇಕು. ಈ ಟ್ಯಾಂಕಿನ ವಿಷಯ ಓದಿದ ದಿನವೇ ಯಜಮಾನರು ಮನೆಮಂದಿಗೆಲ್ಲ ಒಂದು ಕಾಯಿದೆ ಮಾಡಿದ್ದರು: ಗಾಡಿಯ ಪಾಯಿಖಾನೆ ಎಮರ್ಜೆನ್ಸಿಗೆ ಮಾತ್ರ, ಉಳಿದ ಹೊತ್ತಿನಲ್ಲಿ ಎಲ್ಲರೂ ಕ್ಯಾಂಪ್‌ಗ್ರೌಂಡಿನ ವಾಶ್‌ರೂಮಿಗೆ ನಡೆದುಹೋಗಬೇಕು.

ಆ ಕಾಯಿದೆ ಕೇಳಿದಾಗ ಸೋಫಾದಲ್ಲಿ ಕೂತಿದ್ದ ನಮ್ಮ ಅತ್ತೆಯ ಮುಖ ನೋಡಿದ್ದು ನಾನೊಬ್ಬಳೇ.

ಆಮೇಲೆ ನಕ್ಷೆಯನ್ನು ಚೆನ್ನಾಗಿ ನೋಡಿದೆ. ಮುಂದಿನ ಸಾಲು ಸಮುದ್ರದ ದಂಡೆಗೇ ಇತ್ತು, ಆದರೆ ಅಲ್ಲಿ ಕರೆಂಟು ಮಾತ್ರ. ಮೂರೂ ಸಂಪರ್ಕ ಇದ್ದ ಸೈಟುಗಳೆಲ್ಲ ಹಿಂದಿನ ಸಾಲಿನಲ್ಲಿ, ಮರಗಳ ಆಚೆ. ಅಲ್ಲಿಂದ ಸಮುದ್ರ ಕಾಣುವುದಿಲ್ಲ.

"ಹಿಂದಿನ ಸಾಲಿನ್ಯಾಗ ತಗೋರಿ," ಎಂದೆ.

ಯಜಮಾನರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಹತ್ತನೆಯ ಗ್ರೇಡಿನ ಮಗಳು ಕಿವಿಯಿಂದ ಇಯರ್‌ಫೋನು ತೆಗೆದಳು. ಅದು ನಮ್ಮ ಮನೆಯಲ್ಲಿ ಅಪರೂಪದ ಘಟನೆ.

"ಬ್ಯಾಕ್ ರೋ? ಸೀರಿಯಸ್ಲಿ ಅಮ್ಮಾ? ಅಷ್ಟು ದೂರ ಡ್ರೈವ್ ಮಾಡಿ, ಟು ಲುಕ್ ಅಟ್ ಟ್ರೀಸ್?"

"ಅತ್ತಿ ಸ್ನಾನ, ಪೂಜಿ ಆಗದ ಬಾಯಾಗ ಹನಿ ನೀರು ಹಾಕ್ಕೊಳ್ಳೂದಿಲ್ಲ. ನೀರಿನ ಲೈನ್ ಇರೂದು ಬೇಕು," ಎಂದೆ. ಅತ್ತೆ ಇಷ್ಟಲಿಂಗ ಪೂಜೆ ಮಾಡುವವರು. ಅದು ಸುಳ್ಳಲ್ಲ, ಆದರೆ ನಿಜವಾದ ಕಾರಣವೂ ಅಲ್ಲ. ಯಜಮಾನರು ಅಲ್ಲಿನ ವಾಶ್‌ರೂಮಿನಲ್ಲಿ ಶವರ್ ಇದೆ ಎಂದರು. ಸಾಲು ಹಚ್ಚಿ ನಿಂತು ಸ್ನಾನ ಮಾಡುವ ವಯಸ್ಸೇ ಅವರದು ಎಂದು ನಾನು ಕೇಳಿದೆ. ಮಾತು ಬೆಳೆಯಿತು. ನನಗೆ ಸಿಟ್ಟು ಬಂದರೆ ಪಾತ್ರೆಗಳು ಸದ್ದು ಮಾಡತೊಡಗುತ್ತವೆ. ಅಂದು ಬಹಳ ಸದ್ದು ಮಾಡಿದವು. ನಾವು ಬಂದು ನೆಲೆಸಿದ ಈ ದೇಶಕ್ಕೆ ನೂರೈವತ್ತು ತುಂಬಿದ ವರ್ಷ ಅದು. ನ್ಯಾಷನಲ್ ಪಾರ್ಕುಗಳಿಗೆಲ್ಲ ಪ್ರವೇಶ ಪುಕ್ಕಟೆ ಮಾಡಿದ್ದರಿಂದ ಸುತ್ತಲಿನ ಕ್ಯಾಂಪ್‌ಗ್ರೌಂಡುಗಳೂ ಭರ್ತಿಯಾಗುತ್ತಿದ್ದವು. ಹೆಚ್ಚು ಹೊತ್ತು ಜಗಳವಾಡಲು ಪುರಸೊತ್ತು ಇರಲಿಲ್ಲ. ಲ್ಯಾಪ್‌ಟಾಪು ನನ್ನ ಕಡೆ ಎಳೆದುಕೊಂಡು ಹಿಂದಿನ ಸಾಲಿನ ಒಂದು ಸೈಟು ಬುಕ್ ಮಾಡಿಬಿಟ್ಟೆ. ಅವತ್ತಿನಿಂದ ಮನೆಯಲ್ಲಿ ನನಗೆ ಹಟಮಾರಿ ಎಂಬ ಬಿರುದು ಬಂತು.

ನಿಜವಾದ ಕಾರಣ ಏನೆಂದು ನನಗೆ ಮತ್ತು ಅತ್ತೆಗೆ ಮಾತ್ರ ಗೊತ್ತಿತ್ತು.

ಅತ್ತೆ ನಮ್ಮಲ್ಲಿಗೆ ಬಂದದ್ದು ಮಾವ ಹೋದ ಮರುವರ್ಷ. ಚುರುಕು ಹೆಂಗಸು. ರೊಟ್ಟಿ ಬಡಿಯಲು ಕೂತರೆ ನಾನು ಸುಡುವುದರಲ್ಲಿ ಹಿಂದೆ ಬೀಳುತ್ತೇನೆ. ಆದರೆ ಮನೆ ಬಿಟ್ಟು ಎಲ್ಲಿಗೂ ಬರುತ್ತಿರಲಿಲ್ಲ. ಬಂದರೂ ಹೋದ ಸ್ವಲ್ಪ ಹೊತ್ತಿಗೇ "ನಡೀರಿ, ಮನಿಗೆ ಹೋಗೂಣು" ಎಂದು ಶುರು. ನಯಾಗರಕ್ಕೆ ಹೋದಾಗಲೂ ಜಲಪಾತದ ಕಡೆ ಒಮ್ಮೆ ನೋಡಿ, ಕೈಮುಗಿದು, "ನೋಡಿದ್ದಾತು, ನಡೀರಿ" ಎಂದಿದ್ದರು. ನಮ್ಮ ಕಡೆಯ ಮನೆತನಗಳು ಸೇರಿ ಪಾರ್ಕಿನಲ್ಲಿ ಪಿಕ್‌ನಿಕ್ ಮಾಡಿದರೆ ಇವರು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಎಲ್ಲ ಕಟ್ಟಿಕೊಟ್ಟು, ತಾವು ಮನೆಯಲ್ಲೇ ಉಳಿಯುತ್ತಿದ್ದರು. "ಅವ್ವಗ ಮೊದಲಿಂದ ಹಂಗ. ಬಸ್ಸು, ಕಾರು ಆಗಿ ಬರೂದಿಲ್ಲ, ವಾಂತಿ ಬರ್ತೈತಿ," ಎನ್ನುತ್ತಿದ್ದರು ಯಜಮಾನರು. ಅವರು ಚಿಕ್ಕವರಿದ್ದಾಗ ಮಾವ ಎಲ್ಲರನ್ನೂ ಗೋಕರ್ಣಕ್ಕೆ ಕರೆದುಕೊಂಡು ಹೊರಟಾಗಲೂ ಅತ್ತೆ ಇದೇ ಕಾರಣ ಹೇಳಿ ಮನೆ ಕಾದಿದ್ದರಂತೆ. ಧಾರವಾಡದಿಂದ ಸಮುದ್ರ ಅರ್ಧ ದಿನದ ದಾರಿ. ಆದರೂ ಅವರು ಒಮ್ಮೆಯೂ ಸಮುದ್ರ ನೋಡಿರಲಿಲ್ಲ.

ನಮ್ಮ ಕಾರಿನಲ್ಲಿ ಒಮ್ಮೆಯೂ ಅವರಿಗೆ ವಾಂತಿ ಬಂದದ್ದನ್ನು ನಾನು ಕಂಡಿಲ್ಲ. ಇದು ತಲೆಗೆ ಹೊಳೆಯಲು ನನಗೆ ಎರಡು ವರ್ಷ ಬೇಕಾದವು.

ಒಂದು ಶನಿವಾರ ಅವರಿಗೆ ಚಳಿಗಾಲದ ಬೂಟು ಕೊಡಿಸಲು ಮಾಲ್‌ಗೆ ಕರೆದುಕೊಂಡು ಹೋಗಿದ್ದೆ. ಬೂಟು ಕಾಲಿಗೆ ಹಾಕುವ ಮೊದಲೇ ಮನೆಗೆ ಹೋಗೋಣ ಎಂದರು. ನನಗೆ ತಲೆ ಕೆಟ್ಟಿತು. ಬೆಳಿಗ್ಗೆಯಿಂದ ಚಹಾ ಕೂಡ ಮುಟ್ಟದೆ ಬಂದಿದ್ದಾರೆ, ಹಸಿವಾಗಿರಬೇಕು ಎಂದುಕೊಂಡೆ. ಕಾರಿನಲ್ಲಿ ಸಿಗ್ನಲ್ಲಿಗೆ ನಿಂತಾಗ ನೋಡಿದರೆ ಕಣ್ಣು ಮುಚ್ಚಿ ಸೀರೆಯ ಸೆರಗನ್ನು ಎರಡೂ ಮುಷ್ಟಿಯಲ್ಲಿ ಹಿಡಿದಿದ್ದರು. ಮನೆ ಮುಟ್ಟಿದಾಗ ಬಾಗಿಲ ತನಕ ಬಂದರು, ಆದರೆ ಅಷ್ಟರಲ್ಲಿ ತಡವಾಗಿತ್ತು. ಹೊಸ್ತಿಲ ಒಳಗೆ, ಬೂಟು ಬಿಡುವ ಚಾಪೆಯ ಮೇಲೆ, ಒದ್ದೆಯಾದ ಸೀರೆಯಲ್ಲಿ ತಲೆ ತಗ್ಗಿಸಿಕೊಂಡು ನಿಂತುಬಿಟ್ಟರು. ಆ ನಿಂತ ರೀತಿ ನೋಡಿ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ.

ಸ್ನಾನ ಮಾಡಿಸಿ, ಬಿಸಿ ಚಹಾ ಕೊಟ್ಟು ಕೂರಿಸಿದ ಮೇಲೆ ಬಾಯಿ ಬಿಟ್ಟರು.

"ತಡಿಯಾಕ ಆಗೂದಿಲ್ಲವಾ. ಅವನನ್ನ ಹಡದಾಗಿಂದ ಹಿಂಗ. ಎರಡು ದಿನ ಬ್ಯಾನಿ ತಿಂದಿದ್ದೆ. ಆವಾಗಿಂದ ಎಲ್ಲಿಗೆ ಹೋಗೂದಿದ್ರೂ ಮೊದಲ ನೀರು ಕುಡಿಯೂದು ಬಿಡ್ತೀನಿ. ಬಸ್ಸಿನ್ಯಾಗ ಅಷ್ಟೊತ್ತು ಹೆಂಗ ಕೂಡ್ಲಿ? ನಿಮ್ಮ ಮಾವಗ ವಾಂತಿ ಬರ್ತೈತಿ ಅಂದಿದ್ದೆ. ಇದನ್ನ ಗಂಡಸರ ಮುಂದ ಹೆಂಗ ಹೇಳೂದು?"

ಅವರ ಕೊನೆಯ ಮಗ ನನ್ನ ಗಂಡ. ಅಂದರೆ ನಲವತ್ತು ವರ್ಷಕ್ಕೂ ಹಿಂದಿನಿಂದ.

"ಮತ್ತ ಹೊಲಕ್ಕೆಲ್ಲಾ ಹೋಗತಿದ್ರಲ್ರೀ ಅತ್ತಿ?"

"ಹೊಲಕ್ಕ ಏನು ಚಿಂತಿ? ಎಳ್ಳಮಾಸಿಗೆ ಕೊಲ್ಲಾರಿ ಬಂಡಿ ಹೂಡಿ ಚರಗ ಚೆಲ್ಲಾಕ ಹೋಗತಿದ್ದಿವಿ. ದಿನಪೂರ್ತಿ ಅಲ್ಲೇ. ಎದಿಮಟ ಜ್ವಾಳ ನಿಂತಿರ್ತಿತ್ತು. ಎದ್ದು ಜ್ವಾಳದಾಗ ಹೋದ್ರ ಆತು, ಯಾರೂ ಕೇಳೂದಿಲ್ಲ." ಇಷ್ಟು ಹೇಳಿ ನಕ್ಕರು. ಆಮೇಲೆ ನನ್ನ ಕೈ ಹಿಡಿದು, "ಅವನ ಮುಂದ ಮಾತ್ರ ಹೇಳಬ್ಯಾಡ. ತನ್ನಿಂದ ಹಿಂಗಾತು ಅಂತ ಮನಸ್ಸಿಗೆ ಹಚ್ಕೊಂಡಾನು," ಎಂದರು.

ಇದನ್ನು ಬರೆಯಲೇ ಎಂದು ಈಚೆಗೆ ಅತ್ತೆಯನ್ನೇ ಕೇಳಿದೆ. ಬರಿ, ಆದರೆ ಯಾರ ಹೆಸರೂ ಹಾಕಬೇಡ ಎಂದರು. ತನ್ನ ಹಾಗೆ ನೀರು ಕುಡಿಯದೆ ಮನೆ ಕಾಯುತ್ತ ಕೂತವರು ಇನ್ನೂ ಎಷ್ಟು ಮಂದಿ ಇದ್ದಾರೋ ಎಂದರು. ಹಾಗಾಗಿ ಬರೆಯುತ್ತಿದ್ದೇನೆ.

ಮೈಸೂರು ಕಡೆಯ ಡಾಕ್ಟರಮ್ಮ ಒಬ್ಬರು ಅರೋರಾದಲ್ಲಿದ್ದಾರೆ. ಈ ದೇಶಕ್ಕೆ ನಮಗಿಂತ ಬಹಳ ಮೊದಲು ಬಂದವರು, ಈಗ ನಿವೃತ್ತರು. ನಾನು ಅರೋರಾದ ಒಂದು ಹಲ್ಲಿನ ದವಾಖಾನೆಯಲ್ಲಿ ಫ್ರಂಟ್ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ. ಅವರು ಅಲ್ಲಿಗೆ ಬರುತ್ತಿದ್ದುದರಿಂದ ಪರಿಚಯ. ಒಂದು ಮಧ್ಯಾಹ್ನ ಅತ್ತೆಯನ್ನು ಅವರ ಮನೆಗೆ ಚಹಾಕ್ಕೆಂದು ಕರೆದುಕೊಂಡು ಹೋದೆ. ಇಬ್ಬರೂ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಾತಾಡಿದರು. ಹೊರಗೆ ಬಂದಾಗ ಅತ್ತೆಯ ಮುಖ ಹಗುರಾಗಿತ್ತು.

"ಇದು ತುಂಬಾ ಜನ ಹೆಂಗಸರಿಗೆ ಇರತ್ತಮ್ಮ, ಯಾರೂ ಹೇಳಲ್ಲ ಅಷ್ಟೆ," ಎಂದರು ಡಾಕ್ಟರಮ್ಮ ನನಗೆ. "ವ್ಯಾಯಾಮ ಹೇಳಿಕೊಟ್ಟಿದೀನಿ. ಯಾರಿಗೆ ತೋರಿಸ್ಬೇಕು ಅಂತಾನೂ ಹೇಳ್ತೀನಿ. ಸ್ವಲ್ಪ ಕಡಿಮೆ ಆಗತ್ತೆ. ಆದ್ರೆ ಇವರಿಗೆ ರೋಗಕ್ಕಿಂತ ಭಯ ಜಾಸ್ತಿ. ಹತ್ತಿರದಲ್ಲೇ ಜಾಗ ಇದೆ ಅಂತ ಗೊತ್ತಿದ್ರೆ ಅರ್ಧ ತೊಂದರೆ ಇರಲ್ಲ. ನೀರು ಕುಡೀದೆ ಇರೋದನ್ನ ಮಾತ್ರ ಮೊದ್ಲು ನಿಲ್ಲಿಸಿ."

ದಾರಿಯಲ್ಲಿ ಅತ್ತೆ ಕಿಟಕಿಯ ಹೊರಗೆ ನೋಡುತ್ತ, ಡಾಕ್ಟರಮ್ಮನ ಮನೆಯ ಗೋಡೆಯ ಮೇಲೆ ಸಮುದ್ರದ ದೊಡ್ಡ ಫೋಟೋ ಇತ್ತು ಎಂದರು. "ಖರೇನ ಅಷ್ಟು ಅಗಲ ಇರ್ತೈತೇನ?" ಎಂದು ಕೇಳಿದರು. ಅವರು ಏನನ್ನಾದರೂ ಬೇಕು ಎಂದು ಕೇಳಿದ ಹೆಂಗಸಲ್ಲ. ಆ ಪ್ರಶ್ನೆಯೇ ಅವರ ಬೇಡಿಕೆ ಎಂದು ನಾನು ತಿಳಿದುಕೊಂಡೆ.

ಪಾಯಿಖಾನೆ ಜೊತೆಗೇ ಬರುವ ಗಾಡಿ ಯಾವುದು ಎಂದು ಯೋಚಿಸಿದಾಗ ಹೈವೇ ಮೇಲೆ ಬೇಸಿಗೆಯಲ್ಲಿ ಸಾಲುಗಟ್ಟಿ ಹೋಗುವ ಆರ್‌ವಿಗಳು ಕಣ್ಣಮುಂದೆ ಬಂದವು. ಅತ್ತೆಗೆ ಸಮುದ್ರ ತೋರಿಸಲು ಆರ್‌ವಿಯಲ್ಲಿ ಹೋಗೋಣ ಎಂದು ಯಜಮಾನರಿಗೆ ಹೇಳಿದ ತಕ್ಷಣ ಕುಣಿದಾಡಿದರು. ದೊಡ್ಡ ಗಾಡಿ ಓಡಿಸಬೇಕೆಂಬ ಆಸೆ ಅವರಿಗೆ ಮೊದಲಿನಿಂದ ಇತ್ತು. ಈಗ ನೆಪ ಸಿಕ್ಕಿತು. ಇಷ್ಟೆಲ್ಲ ಆದ ಮೇಲೆ, ಟ್ಯಾಂಕು ತುಂಬುತ್ತದೆ, ಗಾಡಿಯಲ್ಲಿ ಹೋಗಬೇಡಿ ಎಂಬ ಮಾತು ಒಮ್ಮೆ ಕಿವಿಗೆ ಬಿದ್ದರೂ ಅತ್ತೆ ಮತ್ತೆ ನೀರು ಕುಡಿಯುವುದನ್ನು ಬಿಡುತ್ತಾರೆ ಎಂದು ನನಗೆ ಖಾತ್ರಿಯಿತ್ತು. ನಾನು ಹಿಂದಿನ ಸಾಲಿಗೆ ಪಟ್ಟು ಹಿಡಿದದ್ದು ಅದಕ್ಕೆ. ಕೊಳಚೆಯ ಪೈಪು ಹಚ್ಚಿಬಿಟ್ಟರೆ ಯಾರು ಎಷ್ಟು ಸಲ ಹೋದರು ಎಂದು ಯಾರೂ ನೋಡುವ ಪ್ರಮೇಯವಿಲ್ಲ.

ಬೇಸಿಗೆ ರಜೆ ಬಂತು. ಬಾಡಿಗೆಯ ಆರ್‌ವಿ ನಮ್ಮ ಡ್ರೈವ್‌ವೇಯಲ್ಲಿ ಬಂದು ನಿಂತಾಗ ಅತ್ತೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಒಳಗೆ ಹತ್ತಿ, ಮೊದಲು ನೋಡಿದ್ದು ಪಾಯಿಖಾನೆಯ ಬಾಗಿಲು. ತೆಗೆದರು, ಹಾಕಿದರು, ಚಿಲಕ ನೋಡಿದರು. ನನ್ನ ಕಡೆ ತಿರುಗಿ ಕಣ್ಣಲ್ಲೇ ನಕ್ಕರು.

"ಥೇಟ್ ಕೊಲ್ಲಾರಿ ಬಂಡಿ," ಎಂದರು ಗಟ್ಟಿಯಾಗಿ. ಮಗಳಿಗೆ ಅದೇನೆಂದು ನಾನು ಹೇಳಬೇಕಾಯಿತು: ಮೇಲೆ ಕಮಾನು ಕಟ್ಟಿದ ಎತ್ತಿನ ಬಂಡಿ, ಹೆಂಗಸರು ಮಕ್ಕಳು ಒಳಗೆ ಕೂತು ಹೋಗುವಂಥದ್ದು.

ಎಳ್ಳಮಾವಾಸ್ಯೆಗೆ ಹೊಲಕ್ಕೆ ತುತ್ತು ಎಸೆದು ಅಲ್ಲೇ ಉಣ್ಣುವ ಚರಗಕ್ಕೆ ಹೊರಟವರ ಹಾಗೆಯೇ ಅತ್ತೆ ಬುತ್ತಿ ಕಟ್ಟಿದರು. ಖಡಕ್ ಸಜ್ಜಿ ರೊಟ್ಟಿ, ಕೆಂಪು ಚಟ್ನಿ, ಗುರೆಳ್ಳಿನ ಪುಡಿ, ಶೇಂಗಾ ಹೋಳಿಗೆ. ಆರ್‌ವಿಯ ಕಪಾಟುಗಳು ತುಂಬಿ, ಬಟ್ಟೆಗಳು ಹಾಸಿಗೆಯ ಕೆಳಗೆ ಹೋದವು. ಕ್ವಿಬೆಕ್ ದಾಟಿ ಹೋಗುವ ಉದ್ದನೆಯ ದಾರಿಯಲ್ಲಿ ನಾನು ಏನಾದರೊಂದು ನೆಪ ಮಾಡಿ ಆಗಾಗ ಗಾಡಿ ನಿಲ್ಲಿಸುತ್ತಿದ್ದೆ. ನನಗೆ ತಲೆನೋವು, ನನಗೆ ಕಾಫಿ ಬೇಕು, ನನಗೆ ಕಾಲು ಜೋಮು ಹಿಡಿದಿದೆ. ಪ್ರತಿ ಸಲ ನಿಂತಾಗಲೂ ಅತ್ತೆ ಏನನ್ನೋ ತರುವವರ ಹಾಗೆ ಹಿಂದೆ ಹೋಗಿ ಬರುತ್ತಿದ್ದರು.

"ಹಿಂಗ ನಿಂತ್ರ ಬರೂ ವರ್ಷ ಮುಟ್ಟತೀವಿ," ಎಂದು ಯಜಮಾನರು ಗೊಣಗಿದರು. ಗೊಣಗಲಿ ಬಿಡಿ ಎಂದುಕೊಂಡೆ. ಅತ್ತೆ ದಾರಿಯಲ್ಲಿ ಚಹಾ ಕುಡಿದಿದ್ದರು. ನನಗೆ ಅಷ್ಟೇ ಸಾಕಾಗಿತ್ತು.

ಕ್ಯಾಂಪ್‌ಗ್ರೌಂಡು ಮುಟ್ಟಿದಾಗ ಸಂಜೆಯಾಗಿತ್ತು. ನಮ್ಮ ಸೈಟು ನಕ್ಷೆಯಲ್ಲಿ ಇದ್ದುದಕ್ಕಿಂತ ಇನ್ನೂ ಹಿಂದಿತ್ತು ಅನ್ನಿಸಿತು. ಮೂರು ಕಡೆ ದಟ್ಟ ಮರಗಳು, ಎದುರಿಗೆ ಇನ್ನೊಂದು ಆರ್‌ವಿಯ ಬೆನ್ನು. ಗಾಳಿಯಲ್ಲಿ ಉಪ್ಪಿನ ವಾಸನೆ ಮಾತ್ರ ಇತ್ತು. ಯಜಮಾನರು ಪೈಪು, ವೈರುಗಳನ್ನು ಜೋಡಿಸಿದರು, ಗಾಲಿಗಳ ಕೆಳಗೆ ಹಲಗೆ ಇಟ್ಟು ಗಾಡಿಯನ್ನು ಮಟ್ಟ ಮಾಡಿದರು. ಮುಖ ಬಿಗಿದೇ ಇತ್ತು. ಮಗಳು ಫೋನು ಎತ್ತಿ ಮರಗಳ ಫೋಟೋ ತೆಗೆದು, ನನಗೆ ಕೇಳಿಸುವ ಹಾಗೆ "ವಾವ್, ಓಶನ್" ಎಂದಳು. ಆದರೂ ಆ ರಾತ್ರಿ ಊಟದ ಜೊತೆ ಅತ್ತೆ ಎರಡು ಲೋಟ ಮಜ್ಜಿಗೆ ಕುಡಿದರು.

ಮರುದಿನ ಬೆಳಿಗ್ಗೆ ಅತ್ತೆಯ ಸ್ನಾನ ಪೂಜೆ ಆಯಿತು, ತಿಂಡಿ ಆಯಿತು. ಸಮುದ್ರಕ್ಕೆ ಕಾಲುದಾರಿ ಮರಗಳ ನಡುವೆ ಇಳಿಜಾರಿನಲ್ಲಿ ಹೋಗುತ್ತಿತ್ತು. ಆಫೀಸಿನ ಹುಡುಗಿ ಇಪ್ಪತ್ತು ನಿಮಿಷ ಎಂದಿದ್ದಳು, ಅತ್ತೆಯ ನಡಿಗೆಗೆ ಇನ್ನೂ ಹೆಚ್ಚು. ದಂಡೆಯಲ್ಲಿ ವಾಶ್‌ರೂಮು ಇಲ್ಲ ಎಂದೂ ಅವಳೇ ಹೇಳಿದ್ದಳು. ಅದನ್ನು ನಾನು ಮೊದಲೇ ವಿಚಾರಿಸಿರಲಿಲ್ಲ. ಎಲ್ಲ ಯೋಚನೆ ಮಾಡಿದ್ದೆ, ಗಾಡಿಯಿಂದ ನೀರಿನ ತನಕದ ದಾರಿಯೊಂದನ್ನು ಬಿಟ್ಟು.

ಎಲ್ಲರೂ ಟೊಪ್ಪಿಗೆ ಹಾಕಿಕೊಂಡು ಹೊರಗೆ ನಿಂತಾಗ ಅತ್ತೆ ಮೆಟ್ಟಿಲ ಮೇಲೆ ಕೂತರು.

"ನೀವು ಹೋಗಿ ಬರ್ರಿ. ನಾ ಮನಿ ಕಾಯ್ತೀನಿ."

ಅದೇ ಮಾತು. ಗೋಕರ್ಣದ ದಿನದ ಮಾತು.

"ಇಲ್ಲೇನು ಕಾಯೂದೈತಿ ಅವ್ವಾ?" ಯಜಮಾನರಿಗೆ ತಡೆಯಲಾಗಲಿಲ್ಲ. "ನಿನ್ನ ಸಲುವಾಗೇ ಬಂದೀವಿ. ಇಷ್ಟು ದೂರ ಗಾಡಿ ಹೊಡಕೊಂಡು ಬಂದೀನಿ." ಆಮೇಲೆ ನನ್ನ ಕಡೆ ತಿರುಗಿದರು. "ನಿನಗ ಸಾವಿರ ಸಲ ಹೇಳಿದೆ. ಮುಂದಿನ ಸಾಲು ಹಿಡದಿದ್ರ ಅವ್ವ ಕುರ್ಚಿ ಹಾಕ್ಕೊಂಡು ಕುಂತಲ್ಲೇ ಸಮುದ್ರ ನೋಡ್ತಿದ್ಲು. ನಿನ್ನ ಹಟಕ್ಕ ಇಲ್ಲಿ ಬಂದು ಗಿಡಾ ನೋಡಾಕತ್ತೀವಿ. ಅಕಿಗೆ ಸಮುದ್ರ ತೋರಸ್ಬೇಕು ಅಂತ ನಿನಗ ಇದ್ದಿದ್ದೇ ಇಲ್ಲ."

ಕೊನೆಯ ಮಾತು ನನಗೆ ಚುಚ್ಚಿತು. ಹೇಳಬಹುದಿತ್ತು, ಒಂದೇ ವಾಕ್ಯದಲ್ಲಿ ಅವರ ಬಾಯಿ ಮುಚ್ಚಿಸಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, ಮಗಳ ಟೊಪ್ಪಿಗೆಯ ದಾರ ಸರಿಮಾಡುತ್ತ ನಿಂತೆ. ಕಣ್ಣು ತುಂಬಿ ಬಂದದ್ದು ಮಾತ್ರ ಮುಚ್ಚಿಡಲಾಗಲಿಲ್ಲ.

ಅತ್ತೆ ಅದನ್ನು ನೋಡಿದರು.

"ಅಕಿಗೆ ಯಾಕ ಅಂತೀಯೋ?" ಎಂದರು. ದನಿ ಏರಿಸಿ ಮಾತಾಡುವವರಲ್ಲ, ಅಂದು ಏರಿಸಿದರು. "ಹಿಂದಿನ ಸಾಲು ನನ್ನ ಸಲುವಾಗಿ ಹಿಡದಾಳ. ನನಗ ಒಂದಕ್ಕ ತಡಿಯಾಕ ಆಗೂದಿಲ್ಲ. ಅಕಿಗೆ ಗೊತ್ತೈತಿ. ಯಾರ ಮುಂದೂ ಹೇಳಬ್ಯಾಡ ಅಂತ ಆಣಿ ಹಾಕ್ದಂಗ ಹೇಳಿದ್ದೆ. ಹೇಳಲಿಲ್ಲ ಅಕಿ. ನಿನ್ನ ಕಡೆ ಇಷ್ಟು ಅನ್ನಿಸ್ಕೊಂಡ್ರೂ ಹೇಳಲಿಲ್ಲ. ಈಗ ಕೇಳಿದಿಯಲ್ಲಾ, ಸಾಕು ಮಾಡು."

ಎದುರಿನ ಆರ್‌ವಿಯಲ್ಲಿ ಯಾರೋ ರೇಡಿಯೋ ಹಚ್ಚಿದ್ದರು. ಯಜಮಾನರು ಕೈಯಲ್ಲಿದ್ದ ಮಡಚುವ ಕುರ್ಚಿಯನ್ನು ನಿಧಾನವಾಗಿ ಕೆಳಗಿಟ್ಟರು.

"ಯಾವಾಗಿಂದ ಅವ್ವಾ?"

"ಈಗೀಗ. ವಯಸ್ಸಾತಲ್ಲ," ಎಂದರು ಅತ್ತೆ, ನನ್ನ ಕಡೆ ನೋಡದೆ.

ಮಗಳು ಹೋಗಿ ಮೆಟ್ಟಿಲ ಮೇಲೆ ಅಜ್ಜಿಯನ್ನು ಒತ್ತಿಕೊಂಡು ಕೂತಳು. "ಆಯಿ, ಯು ಕುಡ್ ಹ್ಯಾವ್ ಟೋಲ್ಡ್ ಅಸ್," ಎಂದಳು. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುವುದು ರೂಢಿ. ಆಯಿಗೆ ಇಂಗ್ಲಿಷ್ ಬರುವುದಿಲ್ಲ. ಮೊಮ್ಮಗಳ ತಲೆ ಸವರಿ, "ಹೂಂ" ಎಂದರು. ಅವರಿಬ್ಬರ ಮಾತುಕತೆ ಯಾವಾಗಲೂ ಹೀಗೇ, ಅರ್ಧ ಅರ್ಧ ಭಾಷೆಯಲ್ಲಿ ಪೂರ್ತಿ ಅರ್ಥವಾಗುತ್ತದೆ.

ಯಜಮಾನರು ಆಫೀಸಿಗೆ ಹೋಗಿ ಮುಂದಿನ ಸಾಲಿನಲ್ಲಿ ಯಾರಾದರೂ ಸೈಟು ಬದಲಿ ಮಾಡಿಕೊಳ್ಳುತ್ತಾರೇನೋ ಕೇಳುತ್ತೇನೆ ಎಂದರು. ನಾನು, ಇಬ್ಬಿಬ್ಬರಾಗಿ ಸರದಿಯಲ್ಲಿ ಹೋಗಿಬರೋಣ ಎಂದೆ. ಮಗಳು ವೀಲ್‌ಚೇರ್ ಸಿಗುತ್ತದೆಯೇ ಎಂದಳು. ಅತ್ತೆ ಎಲ್ಲ ಕೇಳಿಸಿಕೊಂಡರು. ಆಮೇಲೆ ಮೆಟ್ಟಿಲ ಪಕ್ಕದ ಗಾಲಿಯನ್ನು ಕಾಲಿನಿಂದ ಒಮ್ಮೆ ತಟ್ಟಿದರು.

"ಅಲ್ಲೋ, ಈ ಬಂಡಿಗೆ ಗಾಲಿ ಅದಾವಿಲ್ಲೋ?"

ನಾವು ಮೂವರೂ ಗಾಲಿಯನ್ನು ನೋಡಿದೆವು.

"ಚರಗಕ್ಕ ಹೋದಾಗ ಬಂಡಿ ಮನಿ ಮುಂದ ನಿಲ್ಲಿಸಿ ಹೊಲಕ್ಕ ನಡಕೊಂಡು ಹೋಗತಿದ್ದಿವೇನ? ಬದುವಿನ ತನಕ ಹೊಡೀತಿದ್ದಿವಿ. ಹೂಡು ನಡಿ."

ವಾರಗಟ್ಟಲೆ ನಕ್ಷೆ ಹಿಡಿದು ಜಗಳವಾಡಿದ್ದೆವು. ಮುಂದಿನ ಸಾಲು, ಹಿಂದಿನ ಸಾಲು, ಮೂಡಣ ಬಾಗಿಲು. ಒಂದು ಜಾಗದಲ್ಲಿ ಊರಿದ ಮೇಲೆ ಅದು ಮನೆ, ಮನೆಯನ್ನು ಕದಲಿಸುವಂತಿಲ್ಲ ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿತ್ತು. ಮನೆಯೊಂದು ಆಗಲಿ ಎಂದೇ ಇಷ್ಟು ವರ್ಷ ದುಡಿದವರು ನಾವು. ಬೇಸ್‌ಮೆಂಟಿನಲ್ಲಿ ಬಾಡಿಗೆಗೆ ಇದ್ದು, ಕೊನೆಗೊಮ್ಮೆ ಸ್ವಂತ ಬಾಗಿಲಿಗೆ ತೋರಣ ಕಟ್ಟಿದವರು. ಗಾಲಿ ಕಂಡರೂ ನಮಗೆ ಕಾಣುವುದಿಲ್ಲ.

ಯಜಮಾನರು ರಬ್ಬರ್ ಗ್ಲೌಸು ಹಾಕಿಕೊಂಡರು. ಪೈಪು ಬಿಚ್ಚಿದರು, ವೈರು ಸುತ್ತಿದರು, ಗಾಲಿಯ ಕೆಳಗಿನ ಹಲಗೆ ತೆಗೆದರು. ಕಪಾಟುಗಳ ಬಾಗಿಲು ಹಾಕಿ ನಾವು ಒಳಗೆ ಕೂತೆವು. ಹೈವೇ ಕಡೆಯಿಂದ ಸುತ್ತಿಕೊಂಡು ಹೋದರೆ ಸಾರ್ವಜನಿಕ ದಂಡೆಯೊಂದಿತ್ತು. ಅಲ್ಲಿ ದೊಡ್ಡ ಗಾಡಿಗಳಿಗೆ ಪಾರ್ಕಿಂಗು ನೀರಿನ ಅಂಚಿಗೇ ಇತ್ತು. ಗಾಡಿಯನ್ನು ಹಿಮ್ಮುಖವಾಗಿ ತಂದು, ಬಾಗಿಲು ಸಮುದ್ರದ ಕಡೆ ಬರುವ ಹಾಗೆ ನಿಲ್ಲಿಸಿದರು. ಅದು ಯಾವ ದಿಕ್ಕು ಎಂದು ಅವರು ನೋಡಲಿಲ್ಲ.

ಅತ್ತೆ ಮೊದಲು ಇಳಿದರು. ಸೆರಗು ಸರಿಮಾಡಿಕೊಂಡು ಎದುರಿಗೆ ನೋಡಿದರು.

"ಎಲ್ಲೈತಿ ಸಮುದ್ರ?"

ಸಮುದ್ರ ಇರಲಿಲ್ಲ. ಆ ಕೊಲ್ಲಿಯ ನೀರು ದಿನಕ್ಕೆರಡು ಸಲ ಎಷ್ಟೋ ದೂರ ಹಿಂದೆ ಸರಿದು ಮತ್ತೆ ಬರುತ್ತದೆ ಎಂದು ಓದಿದ್ದೆವು, ಆದರೆ ಓದಿದ್ದು ಬೇರೆ. ಕಣ್ಣು ಹಾಯುವಷ್ಟು ದೂರ ಕೆಂಪು ಕೆಸರು, ಅಲ್ಲಲ್ಲಿ ನಿಂತ ನೀರು, ಕಪ್ಪು ಕಲ್ಲುಗಳು. ಅಂಚಿನಲ್ಲೆಲ್ಲೋ ಒಂದು ಬೆಳ್ಳಿಯ ಗೆರೆ. ಮುಂದಿನ ಸಾಲಿನವರೂ ಈಗ ಇದೇ ಕೆಸರನ್ನು ನೋಡುತ್ತ ಕೂತಿರಬೇಕು ಎಂದುಕೊಂಡೆ, ಸ್ವಲ್ಪ ಸಮಾಧಾನವೂ ಆಯಿತು. ನಾನೇನು ದೊಡ್ಡ ಮನಸ್ಸಿನವಳಲ್ಲ.

"ಬರ್ತೈತಿ ಅವ್ವ. ಮಧ್ಯಾಹ್ನ ಆದಮ್ಯಾಲೆ ಬರ್ತೈತಿ. ಅಲ್ಲಿತನಕ ಕಾಯಬೇಕು," ಎಂದರು ಯಜಮಾನರು. ಎಂದವರು ತಕ್ಷಣ ಅವ್ವನ ಮುಖ ನೋಡಿದರು. ಕಾಯುವುದು ಎಂದರೆ ಅವ್ವನಿಗೆ ಏನು ಎಂದು ಅವರಿಗೆ ಅಂದೇ ಗೊತ್ತಾಗಿತ್ತು.

"ಬರ್ಲಿ ತಗೋ," ಎಂದರು ಅತ್ತೆ.

ಕುರ್ಚಿಗಳನ್ನು ಹಾಕಿದೆವು. ರೊಟ್ಟಿಯ ಗಂಟು ಬಿಚ್ಚಿದೆವು. ಅತ್ತೆ ಒಂದು ತುತ್ತು ಮುರಿದು ಆ ಕೆಸರಿನ ಕಡೆಗೆ ಎಸೆದು ಕೈಮುಗಿದರು. ಚರಗದ ದಿನ ಹೊಲಕ್ಕೆ ಎಸೆಯುವ ಹಾಗೆ. ಎಲ್ಲಿಂದಲೋ ಬಿಳಿ ಹಕ್ಕಿಯೊಂದು ಬಂದು ಅದನ್ನು ಎತ್ತಿಕೊಂಡು ಹೋಯಿತು. ಊಟವಾಯಿತು, ಚಹಾ ಆಯಿತು. ನಡುವೆ ಅತ್ತೆ ಎದ್ದು ಗಾಡಿಯೊಳಗೆ ಹೋಗಿ ಬಂದರು. ಸ್ವಲ್ಪ ಹೊತ್ತಿಗೆ ಮತ್ತೆ ಹೋಗಿ ಬಂದರು. ಯಾರನ್ನೂ ಕೇಳಲಿಲ್ಲ, ಯಾರಿಗೂ ಕಾರಣ ಹೇಳಲಿಲ್ಲ. ನಾವ್ಯಾರೂ ಆ ಕಡೆ ನೋಡಲಿಲ್ಲ. ಟ್ಯಾಂಕಿನ ಕಾಯಿದೆ ಮಾಡಿದವರು ಬಾಟಲಿಯ ನೀರನ್ನು ಲೋಟಕ್ಕೆ ಬಗ್ಗಿಸಿ ಅವ್ವನ ಕೈಗೆ ಕೊಟ್ಟರು.

ನೀರು ಬರತೊಡಗಿದ್ದು ಮೊದಲು ಗೊತ್ತೇ ಆಗಲಿಲ್ಲ. ದೂರದ ಗೆರೆ ಅಗಲವಾಯಿತು. ಕಲ್ಲುಗಳು ಒಂದೊಂದಾಗಿ ಮುಳುಗಿದವು. ಅತ್ತೆ ಬರಿಗಾಲಲ್ಲಿ ಅಂಚಿಗೆ ಹೋಗಿ ನಿಂತರು, ಸೀರೆಯನ್ನು ಸ್ವಲ್ಪ ಎತ್ತಿಕೊಂಡು. ನೀರು ಬಂದು ಬೆರಳು ಮುಟ್ಟಿತು, ಪಾದ ಮುಟ್ಟಿತು. ತಣ್ಣಗೆ ಕೊರೆಯುವ ನೀರು. "ಅಬ್ಬಾ" ಎಂದರು, ಆದರೆ ಹಿಂದೆ ಸರಿಯಲಿಲ್ಲ. ಮೊಮ್ಮಗಳು ಕೈ ಹಿಡಿದುಕೊಂಡು ನಿಂತಿದ್ದಳು.

ಆಮೇಲೆ ಬಂದು ಕುರ್ಚಿಯಲ್ಲಿ ಕೂತಾಗ ಯಜಮಾನರು ಟವೆಲ್ಲಿನಿಂದ ಅವರ ಕಾಲು ಒರೆಸಿದರು. ಒರೆಸುತ್ತ, ತಲೆ ಎತ್ತದೆ ಕೇಳಿದರು.

"ಅವ್ವಾ, ಅಪ್ಪ ಗೋಕರ್ಣಕ್ಕ ಕರಕೊಂಡು ಹೋದಾಗ ನೀ ಬರಲಿಲ್ಲಲ್ಲಾ..."

"ಬಸ್ಸು ನನಗ ಆಗಿ ಬರ್ತಿದ್ದಿಲ್ಲಪಾ."

ಅವರು ಒರೆಸಿದ ಕಾಲನ್ನೇ ಇನ್ನೊಮ್ಮೆ ಒರೆಸಿದರು. ತಿಳಿಯಿತೋ ಇಲ್ಲವೋ ನಾನು ಇವತ್ತಿಗೂ ಕೇಳಿಲ್ಲ. ಆದರೆ ಅವರ ಮುಖ ನನಗೆ ಗೊತ್ತು.

ಬಿಸಿಲು ಇಳಿಯಿತು, ಗಾಳಿ ಚುರುಕಾಯಿತು. ಯಜಮಾನರು ಎದ್ದು ತಮ್ಮ ಕುರ್ಚಿ ಮಡಚಿದರು. ಅವ್ವ ಹೊರಡೋಣ ಎನ್ನುವ ಮೊದಲೇ ಹೊರಟುಬಿಡುವುದು ಅವರಿಗೆ ಎಷ್ಟೋ ವರ್ಷಗಳ ರೂಢಿ.

"ನಡಿ ಅವ್ವ, ಮನಿಗೆ ಹೋಗೂಣು."

ಅತ್ತೆ ಏಳಲಿಲ್ಲ. ಕಾಲು ಇನ್ನಷ್ಟು ಚಾಚಿ, ಶಾಲು ಹೊದ್ದುಕೊಂಡರು.

"ಏನು ಗಡಬಡಿ ಐತಿ? ಇನ್ನೂ ನೀರು ಬರಾಕತ್ತೈತಿ. ಕೂಡು."

ಅವರು ಮಡಚಿದ ಕುರ್ಚಿಯನ್ನು ಮತ್ತೆ ಬಿಡಿಸಿ, ಅವ್ವನ ಪಕ್ಕಕ್ಕೆ ಎಳೆದು ಹಾಕಿಕೊಂಡು ಕೂತರು.